ಸೋತ ಮಳೆಗಾಲದಲ್ಲಿ ಗೆಲುವಾಗಿರುವುದು ಹೇಗೆ

ನಮ್ಮ ಭಾಷೆಯಲ್ಲಿ ಗೆಲುವು ಎಂಬ ಮಾತಿಗೆ ಎರಡು ಅರ್ಥಗಳಿವೆ. ಪಂದ್ಯದಲ್ಲಿ ಗೆದ್ದರೆ ಅದು ಗೆಲುವು. ಜ್ವರ ಬಿಟ್ಟ ಮಗು ಎದ್ದು ಅಂಗಳದಲ್ಲಿ ಓಡಾಡಿದರೆ ‘ಇವತ್ತು ಗೆಲುವಾಗಿದೆ’ ಎನ್ನುತ್ತೇವೆ. ಬಾಡಿದ ಬಳ್ಳಿಗೆ ಸಂಜೆ ನೀರು ಹಾಕಿದರೆ ಬೆಳಿಗ್ಗೆ ಅದೂ ಗೆಲುವಾಗಿರುತ್ತದೆ. ಈ ಎರಡನೆಯ ಗೆಲುವಿಗೆ ಯಾರನ್ನೂ ಸೋಲಿಸಬೇಕಾಗಿಲ್ಲ, ಸದಾ ನಗುತ್ತಿರಬೇಕೆಂದೂ ಇಲ್ಲ. ಹೊತ್ತಿಗೆ ಸರಿಯಾಗಿ ಆರೈಕೆ ಸಿಕ್ಕ ಜೀವ ಅದು, ಅಷ್ಟೇ. ಕಷ್ಟದಲ್ಲಿರುವವರಿಗೆ ‘ಸಂತೋಷವಾಗಿರಿ’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಗೆಲುವಾಗಿರಲು ಏನೇನು ಮಾಡಬಹುದು ಎಂದು ಮಾತ್ರ ಹೇಳಬಲ್ಲೆ. ಇಡೀ ಒಂದು ಮಳೆಗಾಲ ಅದನ್ನು ಮಾಡಿ ನೋಡಿದ್ದೇನೆ.

ಅದು 2024ರ ಮಳೆಗಾಲ. ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಜೂನ್ ಕೊನೆಗೆ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕರೆತಂದ ವಾರವೇ ಬೆಂಗಳೂರಿನಲ್ಲಿದ್ದ ಮಗ ಕೆಲಸ ಕಳೆದುಕೊಂಡು ಎರಡು ಬ್ಯಾಗು ಹಿಡಿದು ಬಂದ. ಜುಲೈ ಮಧ್ಯದಲ್ಲಿ ತೋಟಕ್ಕೆ ಕೊಳೆ ರೋಗ ಬಂತು. ಅಡಿಕೆ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ತೋಟಕ್ಕಿಳಿದರೆ ಮರದ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿರುತ್ತದೆ. ಕೈಗೆತ್ತಿಕೊಂಡರೆ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಮಚ್ಚೆ, ಅದರ ಮೇಲೆ ಬಿಳಿ ಬೂಸ್ಟು. ಒಂದು ಕಾಯಿ ನೋಡಿದರೆ ಸಾಕು, ವರ್ಷದ ಲೆಕ್ಕ ಕಣ್ಣ ಮುಂದೆ ಬರುತ್ತದೆ.

ಯಾವುದೂ ಲೋಕ ಮುಳುಗುವ ದುಃಖವಲ್ಲ. ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಬಾರಿ ಆಗುವಂಥದ್ದೇ. ಆದರೆ ಮೂರೂ ಒಟ್ಟಿಗೆ ಬಂದು, ಮೇಲಿನಿಂದ ಹಗಲು ರಾತ್ರಿ ಮಳೆ ಸುರಿಯುತ್ತಿದ್ದರೆ ಮನುಷ್ಯ ಒಳಗಿನಿಂದ ಒದ್ದೆಯಾಗುತ್ತಾನೆ. ಅಂಥ ದಿನಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಷ್ಟವನ್ನು ಕಾಗದಕ್ಕಿಳಿಸಿ

ತಲೆಯೊಳಗೆ ಇರುವಷ್ಟು ಹೊತ್ತು ಕಷ್ಟಕ್ಕೆ ಅಂಚಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಅತ್ತೆಯ ಸೊಂಟ, ಮಗನ ಕೆಲಸ, ತೋಟದ ಕೊಳೆ, ಸೋರುವ ಅಟ್ಟ ಎಲ್ಲವೂ ಒಂದೇ ಮುದ್ದೆಯಾಗಿ ಎದೆಯ ಮೇಲೆ ಕೂರುತ್ತವೆ. ಆದ್ದರಿಂದ ಮನೆಯ ಲೆಕ್ಕದ ಪುಸ್ತಕದ ಕೊನೆಯ ಪುಟ ತೆರೆದು ಮೂರು ಸಾಲು ಎಳೆಯಿರಿ. ಒಂದರಲ್ಲಿ ಈ ವಾರ ನಮ್ಮ ಕೈಯಿಂದ ಆಗುವುದು, ಇನ್ನೊಂದರಲ್ಲಿ ಆಮೇಲೆ ನೋಡಿಕೊಳ್ಳಬಹುದಾದ್ದು, ಮೂರನೆಯದರಲ್ಲಿ ನಮ್ಮ ಕೈಯಲ್ಲಿ ಇಲ್ಲದ್ದು. ಬರೆಯುವಾಗ ದೊಡ್ಡ ಮಾತು ಬೇಡ. ‘ಅತ್ತೆಯ ಆರೋಗ್ಯ’ ಎಂದು ಬರೆದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ‘ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು’ ಎಂದು ಬರೆದರೆ ಅದು ಕೆಲಸ, ಮಾಡಿ ಮುಗಿಸಬಹುದಾದ ಕೆಲಸ.

ನನ್ನ ಪಟ್ಟಿಯಲ್ಲಿ ಕೊಳೆ ರೋಗವನ್ನು ಮೊದಲು ಮೂರನೆಯ ಸಾಲಿನಲ್ಲಿ ಬರೆದಿದ್ದೆ. ಮಳೆ ನಮ್ಮ ಕೈಯಲ್ಲಿಲ್ಲ ತಾನೇ? ನಮ್ಮ ಯಜಮಾನರು ನೋಡಿ ಅದನ್ನು ಎರಡಾಗಿ ಒಡೆದರು. ಮಳೆ ಮೂರನೆಯ ಸಾಲಿಗೆ, ಮದ್ದು ಒಂದನೆಯ ಸಾಲಿಗೆ. ಮೊದಲ ಸಿಂಪಡಣೆಯಾಗಿ ನಲವತ್ತು ದಿನ ಕಳೆದಿತ್ತು, ಎರಡನೆಯದಕ್ಕೆ ಹೊತ್ತಾಗಿತ್ತು. ಮಳೆ ಎರಡು ದಿನ ಬಿಡುವು ಕೊಟ್ಟರೆ ಕೂಡಲೇ ಹೊಡೆಯುವಂತೆ ಎಲ್ಲವನ್ನೂ ಸಿದ್ಧ ಮಾಡಿಟ್ಟುಕೊಳ್ಳುವುದು ನಮ್ಮ ಕೈಯಲ್ಲೇ ಇತ್ತು. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತಂದಿಟ್ಟೆವು, ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಹೇಳಿಟ್ಟೆವು.

ಕೊಳೆಗೆ ಹೊಡೆಯುವ ಮದ್ದಾದ ಬೋರ್ಡೋ ದ್ರಾವಣ ಮಾಡುವ ಕೆಲಸವನ್ನು ಆ ಬಾರಿ ಮಗನ ಕೈಗೆ ಕೊಟ್ಟೆವು. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರ್ ನೀರಿನಲ್ಲಿ ಕದಡಿ ಸೋಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ತಿರುವುತ್ತಿರಬೇಕು. ಕೊನೆಗೆ ಒಂದು ಪರೀಕ್ಷೆ ಇದೆ. ಉಜ್ಜಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ಆ ನೀಲಿ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರದ ಅಂಶ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಹಾಗೆಯೇ ಹೊಡೆದರೆ ಕಾಯಿ ಸುಟ್ಟುಹೋಗುತ್ತದೆ. ಮೊದಲ ಸಲ ಕತ್ತಿ ಕೆಂಪಾಯಿತು. ಮಗ ಏನೂ ಮಾತಾಡದೆ ಸುಣ್ಣದ ನೀರು ಬೆರೆಸಿದ, ಮತ್ತೆ ಅದ್ದಿದ, ಮತ್ತೆ ಬೆರೆಸಿದ. ಮೂರನೆಯ ಸಲ ಕತ್ತಿ ಬೆಳ್ಳಗೆ ಹೊರಬಂದಾಗ ಅದನ್ನು ಎತ್ತಿ ಹಿಡಿದು ನನ್ನ ಕಡೆ ತೋರಿಸಿದ. ಮನೆಗೆ ಬಂದ ಮೇಲೆ ಅವನ ಮುಖ ಬಿಚ್ಚಿದ್ದು ಅದೇ ಮೊದಲು. ಕೆಲಸ ಹೋದವನಿಗೆ ಸಮಾಧಾನದ ಮಾತಿಗಿಂತ ಇಂಥದ್ದೊಂದು ಜವಾಬ್ದಾರಿ ಹೆಚ್ಚು ಬೇಕಾಗಿರುತ್ತದೆ ಎಂದು ನನಗೆ ಆಗ ತಿಳಿಯಿತು.

ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ದಿನವೂ ತೆರೆದು ಕುಳಿತರೆ ಅದೇ ಇನ್ನೊಂದು ಚಿಂತೆಯಾಗುತ್ತದೆ.

ಮೈಗೆ ಬೇಕಾದ್ದನ್ನು ಮೈಗೆ ಕೊಡಿ

ಮನಸ್ಸು ಕುಗ್ಗಿದಾಗ ನಾವು ಮೊದಲು ಬಿಡುವುದು ಊಟ, ನಿದ್ದೆಗಳನ್ನು. ರೋಗಿಯ ಮನೆಯಲ್ಲಿ ಹೆಂಗಸರು ನಿಂತಲ್ಲೇ ಎರಡು ತುತ್ತು ತಿಂದು ಏಳುತ್ತಾರೆ. ನಾನೂ ಹಾಗೆ ಮಾಡಿದೆ, ಹದಿನೈದು ದಿನಕ್ಕೆ ಸಣ್ಣ ಮಾತಿಗೂ ಸಿಡುಕುವಂತಾದೆ. ಬೇರೆಯವರಿಗೆ ಬಡಿಸಿ ಉಳಿದರೆ ತಿನ್ನುವುದು ತ್ಯಾಗವಲ್ಲ. ಹಸಿದವರ ಕೈಯ ಆರೈಕೆ ರೋಗಿಗೂ ಹಿತವಾಗುವುದಿಲ್ಲ.

ಬೆಳಕಿನಿಂದ ಶುರುಮಾಡಿ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನಾವಿರುವ ಘಟ್ಟದ ಮೇಲೂ ಆ ನಾಲ್ಕು ತಿಂಗಳು ಮನೆಯೊಳಗೆ ಹಗಲಿನಲ್ಲೇ ಕತ್ತಲೆ. ನಮ್ಮ ದೇಹದೊಳಗಿನ ಗಡಿಯಾರ ಬೆಳಗಿನ ಬೆಳಕನ್ನು ನೋಡಿ ದಿನವನ್ನು ಹೊಂದಿಸಿಕೊಳ್ಳುತ್ತದೆ. ಆ ಬೆಳಕು ಸಿಗದಿದ್ದರೆ ರಾತ್ರಿ ನಿದ್ದೆಯೂ ಕೆಡುತ್ತದೆ, ಹಗಲು ಮಂಕೂ ಹೋಗುವುದಿಲ್ಲ. ಮೋಡ ಕವಿದ ದಿನವೂ ಹೊರಗಿನ ಬೆಳಕು ಸಾವಿರ ಲಕ್ಸ್ (ಬೆಳಕಿನ ಅಳತೆ) ದಾಟುತ್ತದೆ, ಮನೆಯೊಳಗಿನ ಬಲ್ಬಿನದು ನೂರು, ಇನ್ನೂರು. ಆದ್ದರಿಂದ ಎದ್ದ ಒಂದು ಗಂಟೆಯೊಳಗೆ ಜಗುಲಿಗೆ ಬಂದು ಅರ್ಧ ಗಂಟೆ ಕುಳಿತುಕೊಳ್ಳಿ. ಅಕ್ಕಿ ಆರಿಸುವುದಿದ್ದರೆ ಅಲ್ಲೇ ಆರಿಸಿ, ತರಕಾರಿ ಹೆಚ್ಚುವುದಿದ್ದರೆ ಅಲ್ಲೇ ಹೆಚ್ಚಿ. ಅತ್ತೆಯ ಮಂಚವನ್ನು ನಾವು ಒಳಗಿನ ಕೋಣೆಯಿಂದ ಜಗುಲಿಯ ಪಕ್ಕದ ಕಿಟಕಿಯ ಬಳಿಗೆ ತಂದೆವು. ದಾರಿಯಲ್ಲಿ ಹೋಗುವವರನ್ನು ಅವರು ಕೂಗಿ ಮಾತಾಡಿಸುವಂತಾಯಿತು.

ಸಂಜೆ ನಾಲ್ಕರ ಮೇಲೆ ಚಹಾ ಬೇಡ. ಅದರೊಳಗಿನ ಕೆಫೀನ್‌ನ ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ. ಬದಲಿಗೆ ನಮ್ಮಲ್ಲಿ ಕಷಾಯ ಇದ್ದೇ ಇದೆ. ಕೊತ್ತಂಬರಿ, ಜೀರಿಗೆ ಹುರಿದ ಪುಡಿ, ಬೆಲ್ಲ, ಹಾಲು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹತ್ತು ನಿಮಿಷ ಕುಳಿತರೆ ಮಳೆಯ ಸದ್ದೂ ಬೇರೆಯಾಗಿ ಕೇಳುತ್ತದೆ.

ಊಟಕ್ಕೆ ದೊಡ್ಡ ಅಡುಗೆ ಬೇಕಿಲ್ಲ, ಆದರೆ ದಿನಕ್ಕೆ ಒಂದಾದರೂ ಹಸಿರು ಪದಾರ್ಥ ಮಾಡಿ. ಮಳೆಗಾಲದಲ್ಲಿ ತೋಟದ ಬದುವಿನ ತುಂಬ ಒಂದೆಲಗ ಹಬ್ಬಿರುತ್ತದೆ. ಒಂದು ಹಿಡಿ ಎಲೆ ಕೊಯ್ದು ತಂದು, ನಾಲ್ಕು ಕಾಳುಮೆಣಸು, ಅರ್ಧ ಚಮಚ ಜೀರಿಗೆಯ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ಬೀಸಿ, ಮಜ್ಜಿಗೆ, ಉಪ್ಪು ಬೆರೆಸಿದರೆ ತಂಬುಳಿ ಆಯಿತು. ಒಲೆಯ ಮುಂದೆ ಐದು ನಿಮಿಷದ ಕೆಲಸ. ಅದು ಬುದ್ಧಿಗೆ ಒಳ್ಳೆಯದೆಂದು ಹಿರಿಯರು ಹೇಳುತ್ತಾರೆ. ನನಗೆ ಕಂಡ ಉಪಕಾರ ಬೇರೆ. ಎಲೆ ಕೊಯ್ಯಲು ಬಗ್ಗಿದಾಗ ಹತ್ತು ನಿಮಿಷ ಮೈ ಹೊರಗಿರುತ್ತದೆ, ಬೆರಳಿಗೆ ಹಸಿ ಮಣ್ಣು ತಾಗುತ್ತದೆ, ಆ ಹತ್ತು ನಿಮಿಷ ಯಾರೂ ನನ್ನನ್ನು ಕರೆಯುವುದಿಲ್ಲ.

ಮನಸ್ಸು ಬರಲಿ ಎಂದು ಕಾಯಬೇಡಿ, ಕೈ ಹಚ್ಚಿ

ಈ ಲೇಖನದಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎಂದು ನಾವು ಅಂದುಕೊಳ್ಳುತ್ತೇವೆ. ನಡೆಯುವುದು ಹೆಚ್ಚಾಗಿ ತಿರುವುಮುರುವು. ಕೈ ಮೊದಲು ಹೋಗುತ್ತದೆ, ಮನಸ್ಸು ಅದರ ಹಿಂದೆ ಬರುತ್ತದೆ. ಖಿನ್ನತೆಗೆ ಚಿಕಿತ್ಸೆ ಕೊಡುವ ಮನೋವೈದ್ಯರೂ ಇದನ್ನೇ ಒಂದು ಕ್ರಮವಾಗಿ ಬಳಸುತ್ತಾರೆ. ರೋಗಿಗೆ ಹಿಂದೆ ಇಷ್ಟವಿದ್ದ ಅಥವಾ ಮಾಡಿದರೆ ತೃಪ್ತಿ ಕೊಡುವ ಸಣ್ಣ ಕೆಲಸಗಳನ್ನು ದಿನದ ವೇಳೆಗೆ ಗೊತ್ತುಮಾಡಿ, ಮನಸ್ಸಿದ್ದರೂ ಇಲ್ಲದಿದ್ದರೂ ಮಾಡಿಸುತ್ತಾರೆ.

ಕೆಲಸ ಹೇಗಿರಬೇಕೆಂದರೆ, ಅರ್ಧ ಗಂಟೆಯೊಳಗೆ ಮುಗಿಯಬೇಕು ಮತ್ತು ಮುಗಿದದ್ದು ಕಣ್ಣಿಗೆ ಕಾಣಬೇಕು. ಅಡಿಗೆ ಮಾಡಿದ್ದು ಉಂಡರೆ ಖಾಲಿ, ಬಟ್ಟೆ ಒಗೆದದ್ದು ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಅವು ಈ ಲೆಕ್ಕಕ್ಕೆ ಬರುವುದಿಲ್ಲ. ನಾನು ಆರಿಸಿಕೊಂಡದ್ದು ಅಂಗಳದ ದಬ್ಬೆ. ಮಳೆಗಾಲದಲ್ಲಿ ಜಾರದಂತೆ ನಡೆದಾಡಲು ಅಡಿಕೆ ಮರ ಸೀಳಿದ ದಬ್ಬೆಗಳನ್ನು ಅಂಗಳಕ್ಕೆ ಹಾಸಿರುತ್ತೇವೆ. ಅವುಗಳ ಮೇಲೂ ಪಾಚಿ ಕಟ್ಟುತ್ತದೆ. ದಿನಕ್ಕೆ ನಾಲ್ಕು ದಬ್ಬೆ ತಿಕ್ಕುವುದು, ಐದನೆಯದನ್ನು ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ಮನೆಯಲ್ಲಿ ಒಬ್ಬರು ಜಾರಿ ಬಿದ್ದಾಗಿತ್ತು, ಆದ್ದರಿಂದ ಅದು ಬೇಕಾದ ಕೆಲಸವೂ ಆಗಿತ್ತು. ತೆಂಗಿನ ನಾರಿನಿಂದ ತಿಕ್ಕಿ ಒಂದು ಚೊಂಬು ನೀರು ಹೊಯ್ದರೆ ಹಸಿರು ಹೋಗಿ ಮರದ ಕಂದು ಎಳೆಗಳು ಕಾಣುತ್ತವೆ. ಎಂಟು ದಿನಕ್ಕೆ ಜಗುಲಿಯಿಂದ ಕೊಟ್ಟಿಗೆಯವರೆಗೆ ದಾರಿ ಸ್ವಚ್ಛವಾಯಿತು. ಅದನ್ನು ನೋಡಿದಾಗ ಆದ ಸಂತೋಷ ದೊಡ್ಡದೇ, ಚಿಕ್ಕದೆಂದು ನಾನು ಒಪ್ಪುವುದಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಕರಾವಳಿಯ ಮೀನುಗಾರರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲ. ಎರಡು ತಿಂಗಳು ದುಡಿಮೆ ನಿಂತಂತೆಯೇ. ನನ್ನ ತವರು ಅಘನಾಶಿನಿ ನದಿಯ ದಡದಲ್ಲಿದೆ. ಚಿಕ್ಕಂದಿನಿಂದ ತದಡಿ ಬಂದರಿನ ಕಡೆ ಹೋದಾಗಲೆಲ್ಲ ಆ ಎರಡು ತಿಂಗಳು ಕಾಣುವುದು ಒಂದೇ ನೋಟ. ತಾಡಪಾಲಿನ ಕೆಳಗೆ ಏಳೆಂಟು ಜನ ಸಾಲಾಗಿ ಕುಳಿತು, ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿರುತ್ತಾರೆ. ಕೈಯಲ್ಲಿ ದಾರ, ಬಾಯಲ್ಲಿ ಮಾತು. ಬಿಡುವಿನ ಕಾಲವನ್ನು ಬರಿದೇ ಕುಳಿತು ಕಳೆದವರ ಬಲೆ ಆಗಸ್ಟ್‌ನಲ್ಲಿ ಹರಿದೇ ಇರುತ್ತದೆ. ಕೆಲಸವಿಲ್ಲದ ಅವಧಿಗೂ ಒಂದು ಕೆಲಸವಿದೆ ಎಂಬುದನ್ನು ಮಗನಿಗೆ ನಾನು ಉಪದೇಶ ಮಾಡಲಿಲ್ಲ. ತವರಿಗೆ, ಅಣ್ಣನ ಮನೆಗೆ ನಾಲ್ಕು ದಿನ ಕಳಿಸಿಕೊಟ್ಟೆ. ವಾಪಸು ಬಂದವನು ಬೆಳಿಗ್ಗೆ ಎರಡು ಗಂಟೆ ಹೊಸ ವಿದ್ಯೆ ಕಲಿಯುವುದಕ್ಕೆ, ಎರಡು ಗಂಟೆ ಅರ್ಜಿ ಹಾಕುವುದಕ್ಕೆ, ಮಧ್ಯಾಹ್ನದ ಮೇಲೆ ತೋಟಕ್ಕೆ ಎಂದು ತಾನೇ ವೇಳೆ ಹಾಕಿಕೊಂಡ.

ಬೇಕಾದ್ದನ್ನು ಬಿಡಿಸಿ ಕೇಳಿ

‘ಏನಾದರೂ ಬೇಕಾದರೆ ಹೇಳಿ’ ಎಂದು ಬಂದವರೆಲ್ಲ ಹೇಳುತ್ತಾರೆ. ಮನಸಾರೆಯೇ ಹೇಳುತ್ತಾರೆ. ನಾವು ‘ಇಲ್ಲ, ಎಲ್ಲ ಸರಿಯಾಗಿದೆ’ ಎನ್ನುತ್ತೇವೆ. ಅಲ್ಲಿಗೆ ಎರಡು ಕಡೆಯ ಒಳ್ಳೆಯತನವೂ ವ್ಯರ್ಥ. ಸಹಾಯ ಕೇಳುವುದು ಹೇಗೆಂದರೆ ದಿನ, ಹೊತ್ತು, ಕೆಲಸ ಮೂರನ್ನೂ ಹೇಳಿ ಕೇಳುವುದು. ಪಕ್ಕದ ಮನೆಯ ಅಕ್ಕ ಹಲಸಿನ ಹಪ್ಪಳ ಹಿಡಿದುಕೊಂಡು ಬಂದು ಎಂದಿನಂತೆ ಅದೇ ಮಾತು ಹೇಳಿದಾಗ ನಾನು ಧೈರ್ಯ ಮಾಡಿದೆ.

‘ಅಕ್ಕಾ, ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅತ್ತೆಯ ಹತ್ತಿರ ಕುಳಿತುಕೊಳ್ಳಲು ಆಗುತ್ತದೆಯೇ? ನಾನು ಶಿರಸಿ ಪೇಟೆಗೆ ಹೋಗಿ ಬರಬೇಕು.’

‘ಇಷ್ಟು ದಿನ ಯಾಕೆ ಕೇಳಲಿಲ್ಲ ತಂಗಿ? ನನಗೂ ಮನೆಯಲ್ಲಿ ಒಬ್ಬಳೇ ಕುಳಿತು ಬೇಸರ ಬಂದಿದೆ.’

ಆಮೇಲೆ ಪ್ರತಿ ಬುಧವಾರ ಆ ಎರಡು ಗಂಟೆ ನನ್ನದಾಯಿತು. ಎಲ್ಲ ಸಲವೂ ಕೆಲಸಕ್ಕೇ ಹೋದೆನೆಂದಲ್ಲ. ಒಂದು ಸಲ ಮಾರಿಕಾಂಬಾ ಗುಡಿಯಲ್ಲಿ ಕಂಬಕ್ಕೆ ಒರಗಿ ಮುಕ್ಕಾಲು ಗಂಟೆ ಸುಮ್ಮನೆ ಕುಳಿತು ಬಂದೆ. ಅದೂ ಬೇಕು.

ನಮ್ಮ ಕಡೆ ಮುರಿಯಾಳು ಎಂಬ ಪದ್ಧತಿ ಇದೆ. ಇವತ್ತು ನೀವು ನಮ್ಮ ತೋಟಕ್ಕೆ ಬನ್ನಿ, ನಾಳೆ ನಾವು ನಿಮ್ಮ ತೋಟಕ್ಕೆ ಬರುತ್ತೇವೆ, ದುಡ್ಡಿನ ಲೆಕ್ಕವಿಲ್ಲ, ಆಳಿಗೆ ಆಳು. ಅದನ್ನು ತೋಟದ ಕೆಲಸಕ್ಕೆ ಮಾತ್ರ ಏಕೆ ಇಟ್ಟುಕೊಳ್ಳಬೇಕು? ತೆಗೆದುಕೊಂಡ ಸಹಾಯವನ್ನು ಹಿಂದಿರುಗಿಸಲು ಏನಾದರೊಂದು ಇಟ್ಟುಕೊಂಡರೆ ಕೇಳಲು ಸಂಕೋಚವಿರುವುದಿಲ್ಲ. ಆ ಅಕ್ಕನ ಮೊಬೈಲಿನ ಕೆಲಸ, ಬ್ಯಾಂಕಿನ ಅರ್ಜಿ ಎಲ್ಲವನ್ನೂ ನನ್ನ ಮಗ ಮಾಡಿಕೊಟ್ಟ. ಮನೆಯ ಕಷ್ಟ ಊರಿಗೆ ತಿಳಿಯಬಾರದು ಎಂಬ ಹಟವನ್ನು ಬಿಡುವುದು ನನಗೂ ಸುಲಭವಾಗಿರಲಿಲ್ಲ. ಊರಿಗೆ ಹೇಗೂ ತಿಳಿದಿರುತ್ತದೆ. ನಾವು ಬಾಯಿ ಬಿಟ್ಟರೆ ಅವರಿಗೂ ನಮ್ಮ ಮನೆಯ ಮೆಟ್ಟಿಲು ಹತ್ತುವುದಕ್ಕೆ ದಾರಿಯಾಗುತ್ತದೆ.

ದುಡ್ಡಿನ ವಿಷಯ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿ. ಯಾವ ಸಾಲ, ಎಷ್ಟು ಬಡ್ಡಿ, ಯಾವತ್ತು ಕಂತು ಎಂದು ಒಂದೇ ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಸಹಕಾರಿ ಸಂಘದ ಬೆಳೆಸಾಲಕ್ಕೆ ಬಡ್ಡಿ ರಿಯಾಯಿತಿ ಸಿಗುವುದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಕಟ್ಟಲಾಗದು ಎಂದು ಕಂಡರೆ ಗಡುವಿಗೆ ಮೊದಲೇ ಸಂಘಕ್ಕೆ ಹೋಗಿ ಕಾರ್ಯದರ್ಶಿಗಳ ಹತ್ತಿರ ಮಾತಾಡಿ, ಆಮೇಲೆ ಹೋದರೆ ಅವರ ಕೈಯೂ ಕಟ್ಟಿರುತ್ತದೆ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತನ್ನು ಮುಂಗಾರಿನ ಆರಂಭದಲ್ಲೇ ಕಟ್ಟಬೇಕು, ಕೊಳೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಇನ್ನು ಕಷ್ಟದ ವರ್ಷದಲ್ಲಿ ಖರ್ಚು ಕಡಿಮೆ ಮಾಡುವಾಗ ಮನೆಯ ಒಂದೇ ಒಂದು ಸಣ್ಣ ಸಂತೋಷವನ್ನು ಪಟ್ಟಿಯಿಂದ ಹೊರಗಿಡಿ. ನಮ್ಮದು ದಿನಪತ್ರಿಕೆ. ಅತ್ತೆ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ, ಅದನ್ನು ನಿಲ್ಲಿಸಲು ನಾನು ಒಪ್ಪಲಿಲ್ಲ.

ಸುದ್ದಿಗೆ ಹೊತ್ತು ಗೊತ್ತುಮಾಡಿ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಆ ದಾರಿಯಲ್ಲಿ ಓಡಾಡದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ನನ್ನ ತವರಿನ ದಾರಿಯೂ ಘಟ್ಟದ ದಾರಿಯೇ. ಆ ದಿನಗಳಲ್ಲಿ ನಾನು ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಅದೇ ದೃಶ್ಯಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ನಮ್ಮ ಮನೆಯ ಹಿಂದಿನ ಗುಡ್ಡ ಬಂದು ನಿಲ್ಲುತ್ತಿತ್ತು. ದುಃಖದಲ್ಲಿರುವವರಿಗಾಗಿ ಮರುಗುವುದು ಬೇರೆ, ಭಯವನ್ನು ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಕೂರುವುದು ಬೇರೆ. ಮರುಕಕ್ಕೆ ಮಾಡಲು ಏನಾದರೂ ಇರುತ್ತದೆ. ಭಯಕ್ಕೆ ಇನ್ನೊಂದು ವೀಡಿಯೊ ಮಾತ್ರ ಬೇಕು.

ನಾವು ಮಾಡಿದ ವ್ಯವಸ್ಥೆ ಇದು. ಬೆಳಿಗ್ಗೆ ಪತ್ರಿಕೆ, ಸಂಜೆ ರೇಡಿಯೊ. ಕಾರವಾರ ಆಕಾಶವಾಣಿಗೆ ಇಡೀ ದಿನ ವಿದ್ಯುತ್ ಬೇಕಾಗಿಲ್ಲ, ಎರಡು ಸೆಲ್ ಇದ್ದರೆ ಸಾಕು. ಜಿಲ್ಲಾಡಳಿತದ ಎಚ್ಚರಿಕೆ, ಶಾಲೆಗಳ ರಜೆ, ರಸ್ತೆ ಬಂದ್ ಆದ ವಿಷಯ ಇವಿಷ್ಟನ್ನು ಮಾತ್ರ ಮೊಬೈಲಿನಲ್ಲಿ ನೋಡುವುದು. ರಾತ್ರಿ ಒಂಬತ್ತಕ್ಕೆ ಎಲ್ಲರ ಮೊಬೈಲೂ ದೇವರಕೋಣೆಯ ಹೊರಗಿನ ಗೂಡಿಗೆ. ಗುಡ್ಡದ ಕೆಳಗೆ ಮನೆ ಇರುವವರು ಇಳಿಜಾರಿನಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆಯ ನೀರು ಕಂಡರೆ ಪಂಚಾಯಿತಿಗೆ ತಿಳಿಸಿ, ಅಲ್ಲಿಂದ ಬೇರೆಡೆಗೆ ಹೋಗಬೇಕು. ಅದು ಬೇಕಾದ ಎಚ್ಚರ. ಅದನ್ನು ಮಾಡಿದ ಮೇಲೆ ಮಲಗಿ.

ಏನೂ ಮಾಡಲಾಗದ ದಿನಕ್ಕೆ

ಇಷ್ಟೆಲ್ಲ ಮಾಡಿದರೂ ಒಂದು ದಿನ ಬರುತ್ತದೆ. ಎದ್ದ ಕೂಡಲೇ ಮೈ ಭಾರ, ಯಾರ ಮುಖವೂ ಬೇಡ. ಆ ದಿನದ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ, ಏಕೆಂದರೆ ಆ ದಿನ ಯೋಚಿಸಲು ಆಗುವುದಿಲ್ಲ. ನನ್ನ ಪಟ್ಟಿಯಲ್ಲಿ ನಾಲ್ಕೇ ಇವೆ. ಬಿಸಿನೀರಿನ ಸ್ನಾನ, ಗಂಜಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ, ಹಸುವಿಗೆ ಹುಲ್ಲು, ಸಂಜೆಯ ದೀಪ. ಇವಿಷ್ಟು ಆದರೆ ಆ ದಿನ ಪೂರ್ತಿಯಾದಂತೆ. ಅಳು ಬಂದರೆ ಬಚ್ಚಲಿನ ಒಲೆಯ ಮುಂದೆ ಕುಳಿತು ಅತ್ತದ್ದೂ ಇದೆ. ಹಸಿ ಸೌದೆಯ ಹೊಗೆ ಎಂದು ಯಾರಿಗೂ ಹೇಳಬೇಕಾಗಲಿಲ್ಲ, ಮನೆಯವರಿಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ. ಹಾಗೆ ಕೇಳದೆ ಬಿಡುವುದೂ ಪ್ರೀತಿಯೇ.

ಆ ದಿನ ದೊಡ್ಡ ನಿರ್ಧಾರ ಮಾತ್ರ ಮಾಡಬೇಡಿ. ತೋಟ ಮಾರುವ ಮಾತು, ಸಂಬಂಧ ಕಡಿದುಕೊಳ್ಳುವ ಮಾತು ಮೂರು ರಾತ್ರಿ ನಿದ್ದೆಯಾದ ಮೇಲೆ.

ಬರೀ ಬೇಸರವಲ್ಲ ಎನಿಸಿದರೆ

ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಿದ್ದುದು ಯಾವುದೂ ಬೇಡವಾದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ನಾನು ಯಾರಿಗೂ ಬೇಡ ಎಂಬ ಯೋಚನೆ ಬರುತ್ತಿದ್ದರೆ ಅದು ದಬ್ಬೆ ತಿಕ್ಕಿ, ಕಷಾಯ ಕುಡಿದು ಹೋಗುವಂಥದ್ದಲ್ಲ. ಅದು ಕಾಯಿಲೆ, ಅದಕ್ಕೆ ಮದ್ದಿದೆ. ಮನೆಯ ಗಂಡಸರಲ್ಲಿ ಇದು ಬೇರೆ ರೂಪದಲ್ಲಿ ಬರುವುದುಂಟು. ಮಾತು ನಿಲ್ಲುತ್ತದೆ, ಸಿಟ್ಟು ಹೆಚ್ಚುತ್ತದೆ, ಕುಡಿತ ಶುರುವಾಗುತ್ತದೆ, ಎಲೆ ಅಡಿಕೆಯ ಕವಳಕ್ಕೆ ತಂಬಾಕು ಹೆಚ್ಚಾಗುತ್ತದೆ. ‘ಸೋಮಾರಿತನ’ ಎಂದು ಬೈಯುವ ಮೊದಲು ಪಕ್ಕ ಕುಳಿತು ಕೇಳಿ.

14416 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಆರಂಭವಾದದ್ದು. ದಿನದ ಯಾವ ಹೊತ್ತಿಗೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿಕೊಂಡು ಹೋಗಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜಾತಕ ತೋರಿಸುವವರು ತೋರಿಸಲಿ, ಹರಕೆ ಹೊರುವವರು ಹೊರಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಗ್ರಹಗತಿ ಸರಿಯಾಗಲಿ ಎಂದು ವೈದ್ಯರ ಭೇಟಿಯನ್ನು ಮುಂದೂಡಬೇಡಿ. ಸಾಯುವ ಮಾತು ಯಾರ ಬಾಯಲ್ಲಾದರೂ ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ಹುಲ್ಲಿಗೆ ಹೊಡೆಯುವ ವಿಷ, ಕೀಟನಾಶಕಗಳನ್ನು ಬೀಗದೊಳಗಿಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ನಗು ಬಂದರೆ ತಡೆಯಬೇಡಿ

ಕೊನೆಯದನ್ನು ಕಲಿಯಲು ನನಗೆ ಹೆಚ್ಚು ದಿನ ಹಿಡಿಯಿತು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ ನಾನು ನಗಬಹುದೇ? ಹೊಸ ಸೀರೆ ಉಡಬಹುದೇ? ಹೊರಗೆ ಹೋದರೆ ಜನ ಏನೆನ್ನುತ್ತಾರೆ? ಯಾರೂ ಏನೂ ಅನ್ನದಿದ್ದರೂ ಈ ಪ್ರಶ್ನೆಗಳು ನನ್ನೊಳಗೇ ಇದ್ದವು.

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ. ಆದರೆ ತಾಳಮದ್ದಳೆ ಇರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆ, ಎದುರುಬದುರು ಕುಳಿತು ಅರ್ಥ ಹೇಳುವವರು. ಆಗಸ್ಟ್‌ನ ಒಂದು ಶನಿವಾರ ನಮ್ಮೂರಿನ ಗುಡಿಯಲ್ಲಿ ತಾಳಮದ್ದಳೆ ಇತ್ತು. ಹಸ್ತಿನಾವತಿಗೆ ಕೃಷ್ಣ ಸಂಧಾನಕ್ಕೆ ಹೋಗುವ ಕಥೆ. ನಾನು ಹೋಗುವುದಿಲ್ಲ ಎಂದು ಮೊದಲೇ ಹೇಳಿಯಾಗಿತ್ತು. ಸಂಜೆ ಅತ್ತೆಗೆ ಎಣ್ಣೆ ಹಚ್ಚುತ್ತಿದ್ದಾಗ ಅವರು ಕೇಳಿದರು.

‘ಹೋಗುವುದಿಲ್ಲವಂತೆ?’

‘ನಿಮ್ಮನ್ನು ಬಿಟ್ಟು ಹೇಗೆ ಹೋಗಲಿ ಅತ್ತೆ?’

‘ನನ್ನ ಜೊತೆ ಮೊಮ್ಮಗ ಇರುತ್ತಾನೆ. ನೀನು ಹೋಗು. ನನಗೆ ಹೋಗಲು ಕಾಲಿಲ್ಲ, ನಿನಗಿದೆ. ಕೃಷ್ಣ ಏನು ಹೇಳಿದ, ಕೌರವ ಏನು ಹೇಳಿದ ಎಂದು ಒಂದೂ ಬಿಡದೆ ನನಗೆ ಬಂದು ಹೇಳಬೇಕು.’

ಕೊಡೆ ಹಿಡಿದು, ತಿಕ್ಕಿದ ದಬ್ಬೆಗಳ ಮೇಲೆ ಕಾಲಿಟ್ಟು ಹೋದೆ. ಮಾತಿಗೆ ಮಾತು ಬೆಳೆದು ಕೌರವನ ಅರ್ಥಧಾರಿಗಳು ಒಂದು ಕಡೆ ಕೃಷ್ಣನನ್ನು ಕಟ್ಟಿಹಾಕಿದಂತೆ ಪ್ರಶ್ನೆ ಹಾಕಿದರು. ಕೃಷ್ಣನ ಉತ್ತರಕ್ಕೆ ಗುಡಿಯಲ್ಲಿ ಕುಳಿತವರೆಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಎಷ್ಟು ದಿನಗಳಾಗಿದ್ದವೆಂದರೆ ನಕ್ಕಾಗ ಕೆನ್ನೆ ನೋಯಿತು.

ಮರುದಿನ ಮಧ್ಯಾಹ್ನ ಮಂಚದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಕೌರವನ ಪ್ರಶ್ನೆಗೆ ಬಂದಾಗ ಅತ್ತೆ ಕೈಯೆತ್ತಿ ನನ್ನನ್ನು ತಡೆದರು. ‘ತಡೆ, ಉತ್ತರ ಹೇಳಬೇಡ. ಅಲ್ಲಿ ಕೃಷ್ಣ ಏನು ಹೇಳಬೇಕಿತ್ತು ಎಂದು ನಾನು ಹೇಳುತ್ತೇನೆ’ ಎಂದು ದಿಂಬಿಗೆ ಮೊಣಕೈ ಊರಿ, ಎರಡು ತಿಂಗಳಲ್ಲಿ ಮೊದಲ ಬಾರಿಗೆ ತಾವಾಗಿಯೇ ಎದ್ದು ಕುಳಿತರು. ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿತ್ತು. ನಾನು ಏಳಲಿಲ್ಲ.